ವಾಪಸು ಬಂದ ಬ್ರೀಫ್‌ಕೇಸ್

"ಬ್ರೀಫ್‌ಕೇಸ್ ಬೇಕಿತ್ತು… ನನಗೆ ಯಾವ್ದು ಒಪ್ತೈತೆ, ನೀವೇ ಹೇಳ್ರಿ."

ಹೊಸ ಕರಿಕೋಟಿನ ವಕೀಲ ರಂಗೇಶ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಾಗ ಮೀನಾಕ್ಷಿಯ ಕೈಯಲ್ಲಿದ್ದ ಒರೆಸುವ ಬಟ್ಟೆ ಜಾರಿತು.

ಅದು ತೊಂಬತ್ತೇಳರ ಶ್ರಾವಣ. ತಾಯಿ ತೀರಿಕೊಂಡ ಮೇಲೆ ಅವಳು ಚಿತ್ರದುರ್ಗದ ಪೇಟೆಯಲ್ಲಿದ್ದ ಅಪ್ಪ ಚಿತ್ರಲಿಂಗಪ್ಪನ ಬ್ಯಾಗಿನ ಅಂಗಡಿಯಲ್ಲಿ ಕೂರುತ್ತಿದ್ದಳು. ಗಿರಾಕಿಗಳಲ್ಲದೆ ಮಾತಿಗೆ ಯಾರೂ ಇರಲಿಲ್ಲ.

ಅಂದು ಮನಸ್ಸು ಬಿಚ್ಚಿ ಹೇಳಿದಳು. ಹಿಂದಿನ ಕಾಲದ ವಕೀಲರು ಹಿತ್ತಾಳೆ ಬಕಲಿನ ಚರ್ಮದ ಚೀಲ ಹಿಡಿಯುತ್ತಿದ್ದರು. ಆಮೇಲೆ ಸಾಹೇಬರಿಗೆಂದು ನಂಬರ್ ಲಾಕಿನ ಗಟ್ಟಿ ಪೆಟ್ಟಿಗೆ ಬಂತು. ಈಗ ಕಂಪನಿ ಹುಡುಗರಿಗೆ ಹಗುರಾದ ರೆಕ್ಸಿನ್.

ರಂಗೇಶ ಎಲ್ಲ ಕೇಳಿ, ಏನೂ ಕೊಳ್ಳದೆ ಹೋದ. ಮರುದಿನ ಮತ್ತೆ ಬಂದ…

ಅವನು ಹಿರಿಯೂರು ಕಡೆಯ ಹಟ್ಟಿಯವನು, ಕುರಿ ಸಾಕುವ ಮನೆತನ. ಮೀನಾಕ್ಷಿಯ ಮನೆಯವರೂ ಅದೇ ಜನ, ಅಜ್ಜನ ಕಾಲಕ್ಕೇ ಪೇಟೆ ಸೇರಿದವರು. ಮದುವೆ ಮಾತು ಸಲೀಸಾಗಿ ಮುಗಿಯಿತು. ವೀಳ್ಯಶಾಸ್ತ್ರದ ದಿನ ಮೀನಾಕ್ಷಿ ಅಂಗಡಿಯಲ್ಲೇ ಎಲ್ಲಕ್ಕಿಂತ ಒಳ್ಳೆಯ ಚರ್ಮದ ಬ್ರೀಫ್‌ಕೇಸನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು.

ಮರುದಿನವೇ ಅದು ಹಿಂದಿರುಗಿತು. ರಂಗೇಶನ ಸೋದರಮಾವ ಗೊಲ್ಲಪ್ಪ, ಇದು ನಮ್ಮನೆಗೆ ಆಗಂಗಿಲ್ಲ ಎಂದಷ್ಟೇ ಹೇಳಿ ಇಟ್ಟುಹೋದ. ಇನ್ನೂ ಬೆಲೆಯದು ಬೇಕೇನೋ ಎಂದು ಚಿತ್ರಲಿಂಗಪ್ಪ ಸಿಟ್ಟಾದ. ನಮ್ಮ ಹುಡುಗಿಗೆ ಈ ಸಂಬಂಧ ಬೇಡ ಎಂದು ಹೇಳಿಕಳಿಸಿದ.

ದೀಪಾವಳಿ ಬಂತು, ಹೋಯಿತು. ತಾಯಿಯಿಲ್ಲದ ಅಡುಗೆಮನೆಯಲ್ಲಿ ಒಬ್ಬಳೇ ರೊಟ್ಟಿ ಬಡಿಯುವಾಗ ಅವಳಿಗೆ ಒಂದೇ ಯೋಚನೆ. 'ದೇವರೇ, ನಾನೇ ಬೇಡವಾದೆನೇ…'

ಒಂದು ಮಧ್ಯಾಹ್ನ ರಂಗೇಶ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಬೇಡವೆಂದವಳು ಅವಳೇ ಎಂದು ನಂಬಿ ಇಷ್ಟು ದಿನ ಆ ಬೀದಿಯನ್ನೇ ಬಿಟ್ಟು ನಡೆದಿದ್ದ. ಈಗ ಅವಳ ಬಾಯಿಂದಲೇ ಕೇಳಲು ಬಂದಿದ್ದ.

"ಬ್ರೀಫ್‌ಕೇಸ್ ವಾಪಸು ಕಳಿಸಿದ್ದು ನೀವಲ್ವಾ?" ಎಂದಳು ಮೀನಾಕ್ಷಿ.

"ದೇವರ ಪೆಟ್ಟಿಗೆ ಹೊರೋ ಮನೆ ನಮ್ದು, ಮೀನಾಕ್ಷಿ. ಚರ್ಮ ಹೊಸಿಲು ದಾಟಂಗಿಲ್ಲ. ನಮ್ಮೋರೇ ಅಲ್ವಾ, ಗೊತ್ತಿರ್ತೈತೆ ಅಂತ ಮಾವ ಬಿಡಿಸಿ ಹೇಳ್ಲಿಲ್ಲ."

ಒಳಗಿದ್ದ ಚಿತ್ರಲಿಂಗಪ್ಪ ತಲೆ ತಗ್ಗಿಸಿದ. ಮೀನಾಕ್ಷಿಗೆ ಹೊಸ ಭಯ ಹುಟ್ಟಿತು.

"ನಾನು ದಿನಾ ಚರ್ಮ ಮುಟ್ಟೋಳು… ಈ ಕೈ ನಿಮ್ಮನೇಲಿ ದೀಪ ಹಚ್ಚಬೌದಾ?"

"ನಮ್ಮವ್ವ ಕುರಿರೊಪ್ಪದಾಗೆ ಹಿಕ್ಕೆ ಬಳಿದು, ಕೈ ತೊಳ್ಕಂಡು ಹಚ್ತಾಳೆ. ದೇವರು ಯಾವತ್ತೂ ಬ್ಯಾಡ ಅಂದಿಲ್ಲ."

ಮೂಲೆಯ ಬಿಂದಿಗೆಯಿಂದ ಅವನೇ ಒಂದು ಚೊಂಬು ನೀರು ತಂದ. ಅವಳು ಮೆಟ್ಟಿಲ ಮೇಲೆ ಕೂತು ಕೈ ಚಾಚಿದಳು. ಅವನು ನಿಧಾನಕ್ಕೆ ಹೊಯ್ದ.

"ಅಳಬ್ಯಾಡ ಮಾರಾಯ್ತಿ, ನೀರು ಉಪ್ಪಾಗ್ತೈತೆ."

"ಹಂಗಾದ್ರೆ… ಇನ್ನೊಂದು ಚೊಂಬು ಹಾಕ್ರಿ."