ಕಾಣೆಯಾದ ಹೊಸಹಳ್ಳಿ

"ನನ್ನ ಹೊಸಹಳ್ಳಿ ಎಲ್ಲಿ ಕಣ್ರೀ?!"

ಗೌತಮ್‌ಗೆ ಸುಚಿತ್ರಾ ಆಡಿದ ಮೊಟ್ಟಮೊದಲ ಮಾತು ಇದು! ಅವನು ಸರಸ್ವತಿಪುರಂನ ಆ ನಕ್ಷೆ ಆಫೀಸಿಗೆ ಸೇರಿ ವಾರವಾಗಿತ್ತು. ವಾರವಿಡೀ ಅವನನ್ನು ಕದ್ದು ಕದ್ದು ನೋಡಿದವಳು ಬಾಯಿ ಬಿಟ್ಟಿದ್ದು ಮಾತ್ರ ಜಗಳಕ್ಕೆ. ಏನು ಹುಡುಗಿಯೋ!

ಹಳ್ಳಿಗಳ ಹಳೇ ನಕ್ಷೆಗಳ ಮೇಲೆ ಕಂಪ್ಯೂಟರಿನಲ್ಲಿ ಗೆರೆ ಎಳೆಯುವುದು ಅವಳ ಕೆಲಸ. ಅವನ್ನೆಲ್ಲ ಒಟ್ಟಿಗೆ, ಫೋನಿನಲ್ಲೂ ತೆರೆಯುವಂಥ ಫೈಲುಗಳಾಗಿ ಬದಲಿಸುವುದು ಅವನ ಕೆಲಸ. ಬೆಳಿಗ್ಗೆ ಅವನ ಕಂಪ್ಯೂಟರು ಎಲ್ಲ ಮುಗಿಯಿತು ಎಂದಿತ್ತು. ತೆರೆದು ನೋಡಿದರೆ ಹಲವು ಊರುಗಳೇ ಇಲ್ಲ!

"ಎರರ್ ಏನೂ ಬಂದಿಲ್ಲ ಕಣ್ರೀ..." ಗೌತಮ್ ತಡವರಿಸಿದ.

"ಮತ್ತೆ ಊರು ಎದ್ದು ನಡ್ಕೊಂಡು ಹೋಯ್ತಾ? ಅಳಿಸಿ ಹಾಕ್ಬುಟ್ಟು ಈಗ ನಾಟ್ಕ!"

ಗಲಾಟೆ ಕೇಳಿ ಮ್ಯಾನೇಜರ್ ಗುರುಸಿದ್ದಯ್ಯನವರು ಹೊರಬಂದರು. "ಗೌತಮ್, ಸಂಜೆ ಒಳಗೆ ಎಲ್ಲಾ ಊರೂ ಸಿಗ್ಬೇಕು. ಇಲ್ದಿದ್ರೆ ನಾಳೆಯಿಂದ ಬರ್ಬೇಡಪ್ಪ."

ಸುಚಿತ್ರಾ ಬೆಚ್ಚಿದಳು. ಅಯ್ಯೋ... ಇವರ ಕೆಲಸ ಹೋಗಲಿ ಅಂತ ನಾನೆಲ್ಲಿ ಅಂದೆ!

ಗೌತಮ್ ಕಂಪ್ಯೂಟರಿನತ್ತ ತಿರುಗಿದ. ಊಟಕ್ಕೂ ಏಳಲಿಲ್ಲ. ಎಲ್ಲವನ್ನೂ ಒಟ್ಟಿಗೆ ಓಡಿಸುವುದು ಬಿಟ್ಟು ಒಂದೊಂದೇ ನಕ್ಷೆ ಬದಲಿಸುತ್ತಾ, ಪ್ರತಿ ಸಲವೂ ಫೋಲ್ಡರ್ ತೆರೆದು ನೋಡುತ್ತಾ ಕುಳಿತ. ಅಷ್ಟು ಬೈಸಿಕೊಂಡರೂ ಮುಖದಲ್ಲಿ ಸಿಡುಕಿಲ್ಲ. ಎಂಥಾ ತಾಳ್ಮೆಯಪ್ಪಾ ಇವರದು! ಅವಳಿಗೆ ಕಣ್ಣು ಕೀಳಲಾಗಲಿಲ್ಲ.

"ಸುಚಿತ್ರಾ ಅವ್ರೇ, ಬನ್ನಿ ಇಲ್ಲಿ!"

ಅವಳು ಓಡಿದಳು.

"ಈ ಹೋಬಳಿ ಹೊಸಹಳ್ಳಿ ಬಂತು, ನೋಡಿ. ಈಗ ಪಕ್ಕದ ಹೋಬಳಿ ಹೊಸಹಳ್ಳಿ ಬದಲಾಯಿಸ್ತೀನಿ... ಮೊದಲಿನದು ಹೋಯ್ತು! ಎರಡಕ್ಕೂ ಒಂದೇ ಹೆಸರು, ಹೋಗಿ ಬೀಳೋದು ಒಂದೇ ಫೋಲ್ಡರಿಗೆ. ಆಮೇಲೆ ಬಂದಿದ್ದು ಮೊದಲಿನದನ್ನ ಅಳಿಸ್ಬುಡುತ್ತೆ."

ಸುಚಿತ್ರಾ ನಾಲಿಗೆ ಕಚ್ಚಿಕೊಂಡಳು. ಫೈಲಿಗೆ ಹೆಸರಿಡುವಾಗ ಊರಿನ ಜೊತೆ ಹೋಬಳಿ ಹೆಸರನ್ನೂ ಸೇರಿಸಮ್ಮ ಎಂದು ಗುರುಸಿದ್ದಯ್ಯನವರು ಮೊದಲೇ ಹೇಳಿದ್ದರು. ಬೇಗ ಮುಗಿಯಲೆಂದು ಬಿಟ್ಟವಳು ಅವಳೇ!

ಗೌತಮ್ ಒಂದೊಂದು ಹೋಬಳಿಗೂ ಬೇರೆ ಬೇರೆ ಫೋಲ್ಡರ್ ಮಾಡಿ ಮತ್ತೆ ಓಡಿಸಿದ. ಸಂಜೆಗೆ ಎಲ್ಲಾ ಊರೂ ಸಿಕ್ಕಿದವು.

"ಏನಾಗಿತ್ತಪ್ಪಾ?" ಗುರುಸಿದ್ದಯ್ಯ ಕೇಳಿದರು.

"ಎಲ್ಲಾನೂ ಒಂದೇ ಕಡೆ ತುಂಬಿದ್ದೆ ಸರ್. ನಂದೇ ತಪ್ಪು," ಎಂದ ಗೌತಮ್.

ಸುಚಿತ್ರಾ ಎದ್ದು ನಿಂತಳು. ಇಷ್ಟೆಲ್ಲ ಅಂದವಳನ್ನು ಇವರು ಕಾಪಾಡುತ್ತಿದ್ದಾರೆ!

"ಇಲ್ಲ ಸರ್! ಹೋಬಳಿ ಹೆಸರು ಬಿಟ್ಟಿದ್ದು ನಾನು. ಇವ್ರನ್ನ ಕಳಿಸ್ಬೇಡಿ ಸರ್... ಬೇಕಾದ್ರೆ ನನ್ನ ಕಳಿಸಿ."

ಗುರುಸಿದ್ದಯ್ಯ ಇಬ್ಬರನ್ನೂ ದಿಟ್ಟಿಸಿದರು. "ಯಾರೂ ಹೋಗೋದ್ ಬ್ಯಾಡ. ಇಬ್ರೂ ಕೂತು ಹೆಸರು ಸರಿ ಮಾಡಿ," ಎಂದು ನಗು ತಡೆಯುತ್ತಾ ಒಳನಡೆದರು.

"ನನ್ನ ಯಾಕ್ರೀ ಉಳಿಸೋಕ್ ಹೋದ್ರಿ?" ಅವಳ ಕಣ್ಣು ತುಂಬಿತ್ತು.

"ನಿಮ್ಮ ನಕ್ಷೆ ಒಂದೊಂದೂ ನೋಡಿದ್ನಲ್ಲ. ಹಳ್ಳದ ಒಂದು ತಿರುವೂ ಬಿಟ್ಟಿಲ್ಲ ನೀವು. ಇಷ್ಟು ಅಕ್ಕರೆಯಿಂದ ಯಾರು ಗೆರೆ ಎಳೀತಾರೆ? ಸೇರಿದ ದಿನದಿಂದ ಮಾತಾಡಿಸ್ಬೇಕು ಅಂತಿದ್ದೆ... ಧೈರ್ಯ ಬರ್ಲಿಲ್ಲ."

"ಅಷ್ಟೊಂದು ಬೈದ್ನಲ್ಲ, ಕೋಪ ಇಲ್ವಾ?"

"ಇದೆ. ಒಂದು ಕಾಫಿ ಕುಡಿಸಿದ್ರೆ ಹೋಗುತ್ತೆ."

"ದಿನಾ ಕುಡಿಸಿದ್ರೆ?"

ಗೌತಮ್ ಅವಳನ್ನೇ ನೋಡಿದ. "ಆಗ ನಮ್ಮಮ್ಮಂಗೆ ಹೇಳ್ಬೇಕಾಗುತ್ತೆ..."

ಅವಳ ಕೆನ್ನೆ ಕೆಂಪೇರಿತು. ಆದರೂ ತಲೆ ತಗ್ಗಿಸಲಿಲ್ಲ.

"ಇವತ್ತೇ ಹೇಳ್ಬುಡಿ!"