ಜೇನಿನ ಹಗ್ಗ ಕೊಯ್ದ ಅಲಗು

ಅಮರಮ್ಮ ನಮ್ಮ ಕುಲುಮೆಗೆ ಬಂದದ್ದು ಗಂಡನನ್ನು ಮಣ್ಣು ಮಾಡಿದ ನಾಲ್ಕನೆಯ ದಿನ. ಬಂದವಳು ಕೂರಲಿಲ್ಲ, ಕೊಟ್ಟ ನೀರು ಮುಟ್ಟಲಿಲ್ಲ. ಕಂಬ ಹಿಡಿದು ನಿಂತುಕೊಂಡೇ ಹೇಳಿದಳು:

"ಅಕ್ಕಾ, ಗಂಡನ್ನ ಮಣ್ಣಿಗೆ ಇಟ್ಟು ಬಂದೀನಿ. ಈಗ ನನ್ನ ತಮ್ಮನ್ನ ಗಲ್ಲಿಗೆ ಹಾಕ್ತೀವಿ ಅನ್ನಾಕತ್ತಾರ. ನೀವೊಮ್ಮೆ ನೋಡ್ರಿ."

ನಾನು ಸುತ್ತಿಗೆ ಕೆಳಗಿಟ್ಟೆ. ನನ್ನ ಹೆಸರು ಚಾಂದ್‌ಪಾಷಾ. ಮಸ್ಕಿ ಬಜಾರಿನ ತುದಿಯಲ್ಲಿದ್ದ ವೀರಭದ್ರಮ್ಮನ ಕುಲುಮೆಯಲ್ಲಿ ಹದಿನಾರು ವರ್ಷ ಸುತ್ತಿಗೆ ಹೊಡೆದವನು. ಗಂಡ ಸತ್ತ ಮೇಲೆ ಅಕ್ಕ ತಾನೇ ಸಾಣೆಕಲ್ಲಿನ ಮುಂದೆ ಕೂತಿದ್ದಳು. ಸುತ್ತಲಿನ ಜನ ಮೊಂಡ ಕುಡಗೋಲು ತಂದಷ್ಟೇ ಸಲೀಸಾಗಿ ತಮ್ಮ ತಂಟೆಗಳನ್ನೂ ಅವಳ ಹತ್ತಿರ ತರುತ್ತಿದ್ದರು. ಕಳುವಾದ ಎತ್ತಿನ ಗಂಟೆ, ಸುಳ್ಳು ಆಣೆ, ಕಾಣೆಯಾದ ಸೊಸೆ. ಅಕ್ಕ ಕಬ್ಬಿಣವನ್ನಾಗಲಿ ಮನುಷ್ಯರನ್ನಾಗಲಿ ಮೊದಲು ಸುಮ್ಮನೆ ನೋಡುವಳು. ಮಾತು ಆಮೇಲೆ. ನನಗೋ ಮಾತು ಮೊದಲು, ನೋಡುವುದು ಆಮೇಲೆ. ಅದಕ್ಕೇ ನಾನು ಸುತ್ತಿಗೆಯವನಾಗಿಯೇ ಉಳಿದೆ.

ಸತ್ತವನು ಆದೆಪ್ಪ, ಅಮರಮ್ಮನ ಗಂಡ, ಬೆಟ್ಟದಲ್ಲಿ ಜೇನು ಇಳಿಸುವವನು. ಹಗ್ಗ ಕಟ್ಟಿಕೊಂಡು ಬಂಡೆಯ ಮೇಲಿಂದ ಜೋತು ಇಳಿದು ಜೇನುಹುಟ್ಟು ಕೊಯ್ಯುವ ಕೆಲಸ. ಆ ಹಗ್ಗವನ್ನು ಮೇಲೆ ಹಿಡಿಯುವವನು ಹೆಂಡತಿಯ ಒಡಹುಟ್ಟಿದವನೇ ಆಗಬೇಕೆಂಬುದು ಅವರಲ್ಲಿ ರೂಢಿ. ಸ್ವಂತ ತಮ್ಮ ದಾಯಾದಿಯಾದಾನು, ಆದರೆ ಅಕ್ಕನ ಹಣೆಯ ಕುಂಕುಮ ಅಳಿಸಲು ಯಾವ ತಮ್ಮನೂ ಹಗ್ಗ ಬಿಡಲಾರ ಎಂಬ ಲೆಕ್ಕ. ಹಾಗೆ ಹಿಡಿದಿದ್ದವನು ಅಮರಮ್ಮನ ತಮ್ಮ ವಿರೂಪಾಕ್ಷಪ್ಪ; ಜೇನು ತುಂಬುವ ಕೊಡ ಹಿಡಿದು ಬೆಟ್ಟದ ಬುಡದಲ್ಲಿ ಕೂತಿದ್ದವಳು ಆದೆಪ್ಪನ ತಾಯಿ. ಆದೆಪ್ಪ ಬಿದ್ದು ಸತ್ತ. ಹಗ್ಗ ಸವೆದು ಹರಿದಿರಲಿಲ್ಲ, ಅಲಗಿನಿಂದ ಕೊಯ್ದದ್ದಾಗಿತ್ತು.

"ಜಗಳ ಏನರ ಇತ್ತೇನವ್ವ?" ಅಕ್ಕ ಕೇಳಿದಳು.

ಅಮರಮ್ಮ ನೆಲ ನೋಡಿದಳು. "ನನಗ ಮಕ್ಕಳಿಲ್ಲಲ್ರಿ. ಇನ್ನೊಬ್ಬಾಕಿನ್ನ ಮಾಡಿಕೋ ಅಂತ ಅತ್ತಿ ದಿನಾ ಅವರ ಬೆನ್ನು ಹತ್ತಿದ್ಲು. ನನ್ನ ತಮ್ಮ ಸಿಂಧನೂರು ಸಂತ್ಯಾಗ ನಾಕು ಮಂದಿ ಎದುರಿಗೆ ಅಂದುಬಿಟ್ಟ: 'ಮಾವ, ನಿನ್ನ ಹಗ್ಗ ನನ್ನ ಕೈಯ್ಯಾಗ ಐತಿ, ನೆನಪಿಟ್ಕೋ.'"

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆ ಒಂದು ಮಾತೇ ಈಗ ಅವನ ಕೊರಳಿಗೆ ಸುತ್ತಿತ್ತು.

ಅವಳು ಹೋದ ಮೇಲೆ ಅಕ್ಕ ಸಾಣೆಕಲ್ಲಿನ ಮುಂದಿನಿಂದ ಎದ್ದುಬಿಟ್ಟಳು. ನನಗೆ ಕಾರಣ ಗೊತ್ತಿತ್ತು. ಭಾವ ಮೈದುನರಿಬ್ಬರೂ ಕಾಡಿಗೆ ಒಯ್ಯುವ ಚೂರಿಗಳನ್ನು ನಮ್ಮಲ್ಲೇ ಮಾಡಿಸಿದ್ದರು, ಎರಡು ತಿಂಗಳ ಹಿಂದೆ. ಜರ್ಮನಿಯ ಲಡಾಯಿಯ ಕಾಲ ಅದು, ಒಳ್ಳೆಯ ಕಬ್ಬಿಣ ಸಿಗುತ್ತಿರಲಿಲ್ಲ. ಅವರವರ ಕಬ್ಬಿಣ ಅವರೇ ತಂದಿದ್ದರು. ವಿರೂಪಾಕ್ಷಪ್ಪ ತಂದದ್ದು ಮುರಿದ ಮೋಟಾರಿನ ಕಮಾನ್ ಪಟ್ಟಿ, ಆದೆಪ್ಪ ತಂದದ್ದು ಲಿಂಗಸುಗೂರಿನಲ್ಲಿ ಸಿಕ್ಕ, ಕಬ್ಬಿಣ ಉಜ್ಜುವ ಹಳೆಯ ಅರ.

"ಕಮಾನ್ ಪಟ್ಟಿ ಗಟ್ಟಿ ಜೀವ," ಎಂದು ಅಕ್ಕ ಅಂದು ವಿವರಿಸಿದ್ದಳು. "ಗೂಟ ಕೆತ್ತು, ಕಟ್ಟಿಗಿ ಸೀಳು, ಬಾಗೀತು ಹೊರತು ಮುರಿಯಂಗಿಲ್ಲ. ಅದಕ್ಕ ದಪ್ಪ ಇಟ್ಟು ಎರಡೂ ಕಡೆ ಉಬ್ಬು ಸಾಣಿ ಹಿಡೀತೀನಿ. ಅರದ ಉಕ್ಕು ಹಂಗಲ್ಲ. ಅದರ ಹರಿತಕ್ಕ ಎದುರಿಲ್ಲ. ಆದ್ರ ಗಾಜಿನಂಗ. ಕಲ್ಲಿಗೆ ಬಡಿದ್ರ ಚಕ್ಕಿ ಏಳ್ತದ."

"ನನಗೇನು ಕಲ್ಲು ಕೊಯ್ಯೋದೈತೇನಕ್ಕ?" ಆದೆಪ್ಪ ನಕ್ಕಿದ್ದ. "ಹುಟ್ಟು ಹಿಂಡದಂಗ ಕೊಯ್ಯಬೇಕು. ತೆಳ್ಳಗ ಮಾಡು. ಒಂದೇ ಮುಖಕ್ಕ ಸಾಣಿ ಹಿಡಿ, ಇನ್ನೊಂದು ಸಪಾಟ ಇರಲಿ."

ಹಾಗೆಯೇ ಮಾಡಿಕೊಟ್ಟಿದ್ದೆವು.

ಮರುದಿನ ಬೆಳಿಗ್ಗೆ ಠಾಣೆಗೆ ಹೋದೆವು. ಠಾಣೆಯ ಮುಖ್ಯಸ್ಥ ಅಮೀನರು ಒಳ್ಳೆಯ ಮನುಷ್ಯ. ಹಿಂದೊಮ್ಮೆ ಅವರ ಕುದುರೆ ಕಳುವಾದಾಗ ಲಾಳದ ಗುರುತಿನಿಂದ ಅಕ್ಕ ಹುಡುಕಿಕೊಟ್ಟಿದ್ದಳು. ಹಾಗಾಗಿ ಬಾಗಿಲಲ್ಲಿ ನಿಲ್ಲಿಸಲಿಲ್ಲ.

"ಮೊಕದ್ದಮೆ ಸಾಫ್ ಐತಿ ವೀರಭದ್ರಮ್ಮ," ಎಂದರು. "ಸತ್ತವನ ಚೂರಿ ಅವನ ಸೊಂಟದಾಗ, ಒರೆಯೊಳಗ ಇತ್ತು. ಇವನ ಚೂರಿ ಬಂಡೆ ಮ್ಯಾಲೆ ಬಿಚ್ಚಿ ಬಿದ್ದಿತ್ತು. ಮ್ಯಾಲೆ ಇದ್ದವ ಇವನೊಬ್ಬನೇ. ಮತ್ತ್ಯಾರು ಕೊಯ್ದಾರು?"

"ಹಗ್ಗ ಎಲ್ಲೈತ್ರಿ?"

ಅಮೀನರು ಮುಜುಗರದಿಂದ ಮೀಸೆ ತೀಡಿದರು. ಅವರು ಬೆಟ್ಟ ತಲುಪುವುದರೊಳಗೆ ಜನ ಆ ಹಗ್ಗವನ್ನೇ ತುಂಡು ತುಂಡು ಮಾಡಿ ಚಟ್ಟ ಕಟ್ಟಿಬಿಟ್ಟಿದ್ದರು. ಕೊಯ್ದ ತುದಿಯ ಒಂದು ಗೇಣು ಮಾತ್ರ ಉಳಿದಿತ್ತು. ಜೇನುತುಪ್ಪ, ಮೇಣ ಮೆತ್ತಿ ಕಪ್ಪಾಗಿದ್ದ ಆ ತುಂಡನ್ನು ಅಕ್ಕ ಬೆರಳಲ್ಲಿ ಹಿಸುಕುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು. ಎಳೆಗಳ ನಡುವಿನಿಂದ ಅಕ್ಕಿ ನುಚ್ಚಿನಷ್ಟು ದೊಡ್ಡ ಉಕ್ಕಿನ ಚಕ್ಕೆಯೊಂದನ್ನು ತೆಗೆದು ಅಮೀನರ ಮೇಜಿನ ಮೇಲಿಟ್ಟಳು.

"ಇದನ್ನ ಜೋಪಾನ ಮಾಡ್ರಿ. ಆದೆಪ್ಪನ ಚೂರಿ ಒರೆಯಿಂದ ಹೊರಗ ತೆಗೆದೀರೇನು?"

"ಇಲ್ಲ. ತೆಗೆಯೋದು ಯಾಕ?"

ಅಕ್ಕ ಒರೆಯ ಬಾಯಿಯಲ್ಲಿ ಇಣುಕಿದಳೇ ಹೊರತು ಚೂರಿ ಎಳೆಯಲಿಲ್ಲ.

ವಿರೂಪಾಕ್ಷಪ್ಪನ ಮುಖ ಜೇನು ಕಡಿದು ಗಡಿಗೆಯಂತೆ ಬಾತಿತ್ತು, ಕಣ್ಣು ಮುಚ್ಚಿಹೋಗಿದ್ದವು. ಸೊಂಟದ ಸುತ್ತ ಹಗ್ಗ ಉಜ್ಜಿ ಚರ್ಮ ಸುಲಿದಿತ್ತು. ಎರಡೂ ಹಿಮ್ಮಡಿಯಲ್ಲಿ ಮಾಂಸ ಕಾಣುತ್ತಿತ್ತು.

"ಇಳಿಹೊತ್ತಿನ್ಯಾಗ ಹುಳ ಎದ್ದವ್ರಿ," ಎಂದ. "ಗೂಟ ಅಲುಗಾಡಿತು. ಹಗ್ಗ ಸೊಂಟಕ್ಕೂ ಸುತ್ತಿದ್ದೆ, ಹಿಡಿದು ನಿಂತೆ. ಆಮ್ಯಾಲೆ ಏನೂ ತಿಳೀಲಿಲ್ಲ. ಚೂರಿಗೆ ಕೈ ಹಾಕಿದ್ದು ನೆನಪಿಲ್ಲ. ಉರಿ ತಡಿಲಾರದ ನಾನ ಕೊಯ್ದಿರಬೇಕ್ರಿ. ಮತ್ತ್ಯಾರದಾರ ಅಲ್ಲಿ? ಗಲ್ಲಿಗೆ ಹಾಕಿದ್ರ ಹಾಕ್ಲಿ. ನಮ್ಮ ಅಕ್ಕಗ ಮುಖ ಹ್ಯಾಂಗ ತೋರಿಸಲಿ?"

ಹೊರಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. "ಅಕ್ಕ, ಅವನೇ ಒಪ್ಪಿಕೊಂತಾನ. ನಾವ್ಯಾಕ ಒದ್ದಾಡಬೇಕು?"

"ಒಪ್ಪಿಕೊಂಡಿಲ್ಲ ಚಾಂದ್. ಅಂಜ್ಯಾನ, ತನಗ ತಾನ. ಬೆಟ್ಟ ಹತ್ತೋಣ ನಡಿ."

ನನ್ನ ಮಂಡಿಯ ನೋವಿನ ಮಾತು ಅಕ್ಕನ ಕಿವಿಗೆ ಬೀಳುವಂಥದ್ದಲ್ಲ. ಮೇಲೆ ಹತ್ತಿದಾಗ ಕಂಡದ್ದು ಇಷ್ಟು: ಗೂಟ ಬಡಿದಿದ್ದ ಬಂಡೆಯ ಸೀಳು ಬಿರಿದು, ಗೂಟ ಕಿತ್ತು ಬಂದಿತ್ತು. ಅಲ್ಲಿಂದ ಅಂಚಿನ ಕಡೆಗೆ ಕಲ್ಲಿನ ಮೇಲೆ ಎರಡು ಗೆರೆ, ನಡುನಡುವೆ ಒಣಗಿದ ರಕ್ತ, ಅವನು ಹೊದ್ದಿದ್ದ ಕಂಬಳಿಯ ಎಳೆ. ಗೆರೆಗಳು ಅಂಚಿಗೆ ಒಂದೇ ಗೇಣು ಇರುವಾಗ ನಿಂತಿದ್ದವು. ಅಕ್ಕ ಆ ಒಂದು ಗೇಣಿನ ಮೇಲೆ ಅಂಗೈ ಇಟ್ಟು ಕೂತುಬಿಟ್ಟಳು. ಎದ್ದಾಗ ಅವಳ ಕಣ್ಣು ಒದ್ದೆಯಾಗಿತ್ತು. ಅಂಚಿನಲ್ಲಿ ಬಗ್ಗಿ ನೋಡಿ, "ಕೆಳಗ ನಿಂತವರಿಗೆ ಈ ಜಾಗ ಕಾಣಂಗಿಲ್ಲ," ಎಂದಳು.

ಮರುದಿನ ಎಲ್ಲರೂ ನಮ್ಮ ಕುಲುಮೆಯಲ್ಲಿ ಸೇರಿದರು. ಅಮೀನರು, ಜವಾನನ ಜೊತೆ ವಿರೂಪಾಕ್ಷಪ್ಪ, ಅಮರಮ್ಮ, ಆದೆಪ್ಪನ ತಾಯಿ ಗ್ಯಾನಮ್ಮ. ಆ ಮುದುಕಿ ಬಾಗಿಲ ಹತ್ತಿರ ಸೆರಗು ಮುಚ್ಚಿಕೊಂಡು ಕೂತಿದ್ದಳು.

ಅಕ್ಕ ಮೊದಲು ಚಕ್ಕೆಯನ್ನು ಇಕ್ಕಳದಲ್ಲಿ ಹಿಡಿದು ಅದರ ಮೇಲೆ ಅರ ಎಳೆದಳು. ಅರ ಜಾರಿತು, ಗೀರು ಬೀಳಲಿಲ್ಲ. ನಂತರ ವಿರೂಪಾಕ್ಷಪ್ಪನ ಚೂರಿಯ ಮೇಲೆ ಎಳೆದಳು. ಅದು ಕಚ್ಚಿ ಪುಡಿ ಉದುರಿಸಿತು.

"ನೋಡ್ರಿ ಸಾಹೇಬ್ರ. ಇವನ ಚೂರಿ ಕಮಾನ್ ಪಟ್ಟಿದು. ಕಲ್ಲಿಗೆ ಬಡಿದ್ರ ಬಾಯಿ ಮಡಚತದ, ಚಕ್ಕಿ ಏಳಂಗಿಲ್ಲ. ಇದರ ಬಾಯಿ ಪೂರಾ ಐತಿ. ಗೂಟ ಕೆತ್ತಿ ಅಲ್ಲೇ ಬಿಟ್ಟಿದ್ದ ಚೂರಿ ಇದು. ಹಗ್ಗದಾಗ ಸಿಕ್ಕ ಚಕ್ಕಿ ಅರದ ಉಕ್ಕು. ಅದರಾಗ ಮಾಡಿದ ಚೂರಿ ಒಂದೇ. ಈಗ ಒರೆಯಿಂದ ತೆಗೀರಿ."

ಅಮೀನರು ಆದೆಪ್ಪನ ಚೂರಿ ಎಳೆದರು. ತುದಿಯ ಹತ್ತಿರ ಬಾಯಿ ಮುರಿದಿತ್ತು. ಅಕ್ಕ ಚಕ್ಕೆಯನ್ನು ಅಲ್ಲಿಟ್ಟಳು. ಸರಿಯಾಗಿ ಕೂತಿತು.

"ಹಗ್ಗ ಬಂಡೆಗೆ ಒತ್ತಿಕೊಂಡಿತ್ತು. ಕೊಯ್ದ ಅಲಗು ಹಗ್ಗ ದಾಟಿ ಕಲ್ಲಿಗೆ ಬಡೀತು. ಕೊಯ್ದವ ಕೆಳಗ ಜೋತಾಡತಿದ್ದವ. ಆದೆಪ್ಪನೇ ಕೊಯ್ದಾನ."

ಅಮರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅಮೀನರು ಹುಬ್ಬು ಗಂಟಿಕ್ಕಿದರು. "ಹಗ್ಗ ಕೊಯ್ದು, ಬೀಳೋವಾಗ ಚೂರಿ ಒರೆಗೆ ಹಾಕಿದನೇನು?"

"ಅವ ಹಾಕಿಲ್ರಿ. ಒಂದೇ ಮುಖದ ಸಾಣಿ ಇದು. ಆದೆಪ್ಪ ಯಾವಾಗ್ಲೂ ಸಪಾಟ ಮುಖ ಮೈ ಕಡೆ ಇಡತಿದ್ದ. ಒರೆ ಒಳಗ ತೊಗಲು ಹಂಗೇ ಸವೆದೈತಿ. ಠಾಣೇದಾಗ ನಾ ನೋಡಿದಾಗ ಚೂರಿ ತಿರುಗಾ ಮುರುಗಾ ಇತ್ತು. ಅವನ ಕೈ ಅರಿಯದ ಯಾರೋ ಹಾಕ್ಯಾರ. ಎರಡೂ ಕಡೆ ಸಾಣಿ ಹಿಡಿದಿದ್ರ ನನಗೂ ತಿಳೀತಿರಲಿಲ್ಲ." ಅಕ್ಕ ಬಾಗಿಲ ಕಡೆ ತಿರುಗಿದಳು. ದನಿ ಮೆತ್ತಗಾಯಿತು. "ಗ್ಯಾನಮ್ಮ, ಬೆಟ್ಟದ ಬುಡಕ್ಕ ಕೊಡ ಹಿಡಕೊಂಡು ಕೂತಾಕಿ ನೀ ಒಬ್ಬಾಕಿ. ಹೆಣದ ಹತ್ತಿರ ಮೊದಲು ಹೋದಾಕಿನೂ ನೀನ."

ಮುದುಕಿ ಮುಖದ ಮೇಲಿನ ಸೆರಗು ಸರಿಸಿದಳು. ಆಡಿದ ಮಾತು ನೆಲಕ್ಕೆ ಹೇಳಿದಂತಿತ್ತು.

"ನೋಡಿದ್ನೆವ್ವ. ಅವ ಮ್ಯಾಲೆ ಒಮ್ಮೆ ನೋಡಿದ, ಕೈ ಎತ್ತಿದ, ಕೊಯ್ದ. ಅವತ್ತ ಮುಂಜಾನಿ ಬಳಗಾನೂರಿನ ಹುಡುಗಿ ಮಾತು ತೆಗೆದಿದ್ದೆ. ಮಾಡಿಕೊಳ್ಳಲಿಲ್ಲಂದ್ರ ನನ್ನ ಹೆಣ ನೋಡ್ತಿ ಅಂದಿದ್ದೆ. ನನ್ನ ಕಾಟ ತಾಳಲಾರದ ಜೀವ ಕಳಕೊಂಡ ಅಂತ ತಿಳಿದೆ. ಜೀವ ಕಳಕೊಂಡವನಿಗೆ ಮಣ್ಣು ಮಾಡೋವಾಗ ಐನೋರು ಪಾದ ಇಡಂಗಿಲ್ಲ, ಸದ್ಗತಿ ಇಲ್ಲ. ಅದಕ್ಕ ಬೆರಳು ಬಿಡಿಸಿ ಚೂರಿ ಒರೆಗೆ ಹಾಕಿದೆ. ಇವನ್ನ ಹಿಡಕೊಂಡು ಹೋದಾಗ ಬಾಯಿ ತೆರೀಬೇಕಿತ್ತು. ತೆರೀಲಿಲ್ಲ. ಯಾರರ ಕೊಂದಾರಂದ್ರ ನಾ ಕೊಂದಂಗ ಆಗಲ್ಲ ಅಂತ..."

ಆ ಮುದುಕಿಯ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಅಕ್ಕ ಅವಳ ಎದುರು ನೆಲದ ಮೇಲೆ ಕೂತಳು. "ನಿನ್ನ ಮಾತಿಗೆ ಅವ ಸತ್ತಿಲ್ಲವ್ವ. ಗೂಟ ಕಿತ್ತು ಬಂದಿತ್ತು. ಅವನ ಭಾರಕ್ಕ ಇವ ಜಾರಿಕೊಂತ ಅಂಚಿಗೆ ಬಂದಿದ್ದ. ಒಂದು ಗೇಣು ಉಳಿದಿತ್ತು. ಹಿಮ್ಮಡಿ ಗೆರಿ ನಾನೂ ಚಾಂದೂ ನೋಡೀವಿ. ನೀ ನಿಂತಲ್ಲಿಂದ ಅದು ಕಾಣತಿರಲಿಲ್ಲ, ಅವನಿಗೆ ಕಾಣತಿತ್ತು. ಇಬ್ಬರೂ ಹೋಗೋದು ಬ್ಯಾಡಂತ ಕೊಯ್ದಾನ."

ಆಮೇಲೆ ತನ್ನ ಕೈ ತಾನೇ ನೋಡಿಕೊಂಡು, "ಒಂದೇ ಏಟಿಗೆ ಹರಿಯುವಂಥ ಅಲಗು ಕೊಟ್ಟಾಕಿ ನಾನು," ಎಂದಳು.

ಅಮೀನರು ಜವಾನನಿಗೆ ಸನ್ನೆ ಮಾಡಿದರು. ಬೇಡಿ ಬಿಚ್ಚಿದರೂ ವಿರೂಪಾಕ್ಷಪ್ಪ ಎರಡೂ ಕೈ ಜೋಡಿಸಿಕೊಂಡೇ ಇದ್ದ.

"ಅವ ಏನರ ಕೂಗಿದ್ನೇನಪ್ಪ?" ಗ್ಯಾನಮ್ಮ ಕೇಳಿದಳು. "ಕೆಳಗ ನನಗ ಹುಳದ ಸಪ್ಪಳ ಒಂದ ಕೇಳಿಸ್ತು."

ಅವನು ದನಿ ಬಂದ ಕಡೆ ಮುಖ ತಿರುಗಿಸಿದ. "ಈಗ ನೆನಪಾತು. ಒಂದು ಮಾತು ಕೂಗಿದ. 'ಹಿಂದಕ್ಕ ಸರಿಯಲೇ ವಿರೂಪಾ' ಅಂದ. ನಾ ಜಗ್ಗು ಅನ್ನಾಕತ್ತಾನಂತ ತಿಳಿದೆ. ಇನ್ನೂ ಜೋರು ಜಗ್ಗಿದೆ. ಹಗ್ಗ ಹಗುರಾತು. ಮಾವನ್ನ ಮ್ಯಾಲೆ ಎಳಕೊಂಡೆ ಅಂತ ಖುಷಿಪಟ್ಟೆ."

ಗ್ಯಾನಮ್ಮ ಆಗ ಅತ್ತಳು. ಮಗ ಸತ್ತ ಮೇಲೆ ಅವಳು ಅತ್ತದ್ದು ಅದೇ ಮೊದಲೆಂದು ಆಮೇಲೆ ಅಮರಮ್ಮ ಹೇಳಿದಳು. ಅತ್ತು ಮುಗಿಯುವವರೆಗೂ ಸೊಸೆ ಪಕ್ಕದಲ್ಲಿ ಕೂತಿದ್ದು, ನಂತರ ತೋಳು ಹಿಡಿದು ಎಬ್ಬಿಸಿದಳು.

"ಏಳ್ರಿ ಅತ್ತಿ. ಮನಿಗೆ ಹೋಗೋಣ. ಇವನೂ ಉಂಡಿಲ್ಲ."

ಮೂವರೂ ಬಜಾರಿನ ದಾರಿ ಹಿಡಿದರು. ವಿರೂಪಾಕ್ಷಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲವಾದ್ದರಿಂದ ಒಂದು ಕೈಯನ್ನು ಅವನ ಅಕ್ಕ ಹಿಡಿದಿದ್ದಳು. ಸ್ವಲ್ಪ ದೂರ ಹೋದ ಮೇಲೆ ಇನ್ನೊಂದನ್ನು ಗ್ಯಾನಮ್ಮ ಹಿಡಿದಳು.