ಗುಡಿಸದ ಕೋಣೆ

"ಚೀಲ ಮಾತ್ರ ಬಿಚ್ಚಬೇಡಿ ತಾಯಿ," ಎಂದ ಗುಜರಿ ಅಂಗಡಿಯವನು.

ಅವಳು ಆಗಲೇ ಯಂತ್ರದ ಮುಂದೆ ಮಂಡಿಯೂರಿದ್ದಳು. ತಾಮ್ರದ ಹೊಟ್ಟೆ, ಮರದ ಹಿಡಿ, ಬಟ್ಟೆ ಸುತ್ತಿದ ಸೊಂಡಿಲು. ಇಂಥ ವ್ಯಾಕ್ಯೂಮ್ ಕ್ಲೀನರಿಗಾಗಿ ಅವಳ ಗಂಡ ಬದುಕಿರುವತನಕ ಹುಡುಕಿದ್ದ. ಹಳೆಯ ಯಂತ್ರಗಳನ್ನು ಕೂಡಿಹಾಕುವುದು ಅವನ ಹುಚ್ಚು. ಯಾವ ಕಾರ್ಖಾನೆಯದೆಂದು ಪತ್ತೆ ಹಚ್ಚುವುದು ಅವಳ ಕೆಲಸ.

"ಬಿಚ್ಚದೆ ಹೇಗೆ ಗೊತ್ತಾಗತ್ತೆ? ಮುದ್ರೆ ಚೀಲದ ಒಳಗಡೆನೇ ಇರೋದು."

"ಗೊತ್ತಾಗದಿದ್ರೆ ನಿಮ್ಮ ಗಂಟೇನು ಹೋಗತ್ತೆ?" ಅವನು ದನಿ ತಗ್ಗಿಸಿದ. "ಎರಡನೇ ಹೆಂಡತಿಯೊಬ್ಬಳು ಮಾಟ ಮಾಡಿಸಿದ್ದು. ಸತ್ತ ಸವತಿ ಕೂದಲನ್ನ ಒಳಗೆ ಗಂಟು ಹಾಕಿಸಿದಾಳೆ. ಗಂಟಲ್ಲಿ ಯಾರ ಕೂದಲಿರತ್ತೋ ಅವರ ಸುಳಿವೂ ನೆನಪೂ ಉಳಿಯಲ್ಲ. ಬಿಚ್ಚಿದ್ರೆ ಇನ್ನೂ ಕೆಟ್ಟದ್ದು. ತಾನಿರೋ ಮನೆಯ ಸತ್ತವರನ್ನ ಹುಡುಕ್ಕೊಂಡು ಹೋಗಿ ನುಂಗತ್ತೆ."

"ಪೊರಕೆಗೆ ಮಾಡಿಸಿದ್ರೆ ಅಗ್ಗವಾಗ್ತಿತ್ತಲ್ಲ," ಎಂದಳು. ಅವನು ನಗಲಿಲ್ಲ.

ಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. "ಇನ್ನೊಂದು ಆನೆಮರಿ ತಂದ್ಯಾ?"

"ಇದೇ ಕೊನೇದು ಅತ್ತೆ."

"ಅವನೂ ಪ್ರತಿಸಲ ಹಾಗೇ ಅಂತಿದ್ದ." ಅತ್ತೆ ಮಧ್ಯಾಹ್ನದ ನಿದ್ದೆಗೆ ಹೋದರು.

ಗಂಡ ಹೋದಾಗಿನಿಂದ ಅವನ ಕೋಣೆಯನ್ನು ಅವಳು ಗುಡಿಸಿರಲಿಲ್ಲ, ಕಿಟಕಿ ತೆರೆದಿರಲಿಲ್ಲ. ದಿಂಬಿನ ಮೇಲೆ ಅವನ ಕೂದಲು. ಗೂಟದಲ್ಲಿ ಒಗೆಯದ ಅಂಗಿ. ಅದರಲ್ಲಿ ಬೆವರು, ಯಂತ್ರದ ಎಣ್ಣೆ. ವಾಸನೆ ಸವೆಯುತ್ತಿತ್ತು. ಅದಕ್ಕೇ ಅವಳು ಮಿತವಾಗಿ ಮೂಸುತ್ತಿದ್ದಳು.

ನಡುಮನೆಯಲ್ಲಿ ಕುಳಿತು ಚೀಲವನ್ನು ಒಳಹೊರಗು ಮಾಡಿದಳು. ಸುಟ್ಟ ಕೂದಲಿನ ಕಮಟು ಮೂಗಿಗೆ ಬಡಿಯಿತು. ಕೆಂಪು ದಾರ ಸುತ್ತಿದ ಗಂಟು ಸರಿಯಾಗಿ ಮುದ್ರೆಯ ಮೇಲೆಯೇ ಕೂತಿತ್ತು. ಕತ್ತರಿಸಿದಳು. ಕೂದಲು ಬೂದಿಯಾಗಿ ಉದುರಿತು. ಅಡಿಯಲ್ಲಿ, ಅವಳೊಡನೆ ಪಂಥ ಕಟ್ಟಿ ಗಂಡ ಊಹಿಸಿದ್ದ ಕಾರ್ಖಾನೆಯ ಮುದ್ರೆ.

"ನೀನೇ ಗೆದ್ದೆ," ಎಂದಳು, ಎದುರಿನ ಖಾಲಿ ಕುರ್ಚಿಗೆ.

ಯಂತ್ರ ಗುರುಗುಟ್ಟಿತು.

ಪ್ಲಗ್ ನೆಲದ ಮೇಲೇ ಬಿದ್ದಿತ್ತು. ಸೊಂಡಿಲು ತಾನೇ ಹೊರಳಿತು. ಆ ಕೋಣೆಯ ಕಡೆಗೆ. ಬಾಗಿಲ ಸಂದಿಗೆ ಬಾಯಿಟ್ಟು ಎಳೆಯತೊಡಗಿತು. ಧೂಳು ಹರಿದು ಬಂತು. ಅದರ ಜೊತೆ ಅವನ ಕೂದಲು. ಅವಳು ಸೊಂಡಿಲು ಹಿಡಿದೆಳೆದಳು. ಅದು ಬೆಚ್ಚಗಿತ್ತು, ಉಸಿರಾಡುತ್ತಿತ್ತು. ಬಾಗಿಲು ತಳ್ಳಿದಳು. ಒಳಗೆ ಮುಚ್ಚಿದ ಕಿಟಕಿಯ ಕತ್ತಲು. ತಡಕಾಡಿದಳು. ಅಂಗಿ ಸಿಕ್ಕಿತು. ಮೂಗಿಗೊತ್ತಿದಳು. ವಾಸನೆ ತೆಳುವಾಗುತ್ತಿತ್ತು. ಅಂಗಿ ಹಿಡಿದೇ ಹೊರಗೋಡಿದಳು. ನಡುಮನೆಯ ಗೋಡೆಯಲ್ಲಿ ಮದುವೆಯ ಫೋಟೋ. ಅವನ ಮುಖ ಮಸುಕು. ಅವನ ದನಿ ಹೇಗಿತ್ತು? ನೆನಪಾಗಲಿಲ್ಲ. ಅವನು ಅವಳನ್ನು ಏನೆಂದು ಕರೆಯುತ್ತಿದ್ದ? ನೆನಪಾಗಲಿಲ್ಲ.

ಇದನ್ನು ನಿಲ್ಲಿಸಲು ಮತ್ತೆ ಗಂಟು ಬೇಕು. ಕೂದಲು ಬೇಕು.

ತಲೆಗೆ ಕೈ ಹಾಕಿ ತನ್ನದೇ ಕೂದಲು ಕಿತ್ತಳು. ಕೆಂಪು ದಾರ ಸುತ್ತಿದಳು. ಮುದ್ರೆಯ ಮೇಲೆ ಬಿಗಿದಳು.

ಯಂತ್ರ ನಿಂತಿತು.

ಬಹಳ ಹೊತ್ತು ಅವಳು ಅಂಗಿಯಲ್ಲಿ ಮುಖ ಹುದುಗಿಸಿ ಕುಳಿತಳು. ಬೆವರು, ಎಣ್ಣೆ. ಅವನ ದನಿಯೂ ನೆನಪಿಗೆ ಮರಳಿತ್ತು. ತಲೆಯೆತ್ತಿದಾಗ ಫೋಟೋದಲ್ಲಿ ಅವನು ಸ್ಪಷ್ಟವಾಗಿ ನಗುತ್ತಿದ್ದ. ಒಬ್ಬನೇ ನಿಂತಿದ್ದ. ಅವಳ ಹೆಗಲ ಮೇಲೆ ಇಟ್ಟಿದ್ದ ಕೈ ಗಾಳಿಯಲ್ಲಿತ್ತು.

"ಯಾರಮ್ಮ ನೀನು?"

ಅತ್ತೆ ಗೋಡೆ ಹಿಡಿದು ನಿಂತಿದ್ದರು.

"ಅತ್ತೆ, ನಾನು..."

"ಯಾರಿಗಮ್ಮ ಅತ್ತೆ? ನನ್ನ ಮಗನಿಗೆ ಮದುವೆನೇ ಆಗಲಿಲ್ಲ."

ಅವಳ ಕಣ್ಣು ಗಂಟಿನ ಕಡೆ ಹೋಯಿತು. ಬಿಚ್ಚಿದರೆ ತಾನು ಉಳಿಯಬಹುದು; ಅವನು ಉಳಿಯುವುದಿಲ್ಲ.

ಅತ್ತೆ ಕೈ ಚಾಚಿದರು. "ಅದು ಅವನ ಅಂಗಿ. ವಾಸನೆ ಹೋಗಬಾರದು ಅಂತ ಒಗೆಯದೆ ಇಟ್ಕೊಂಡಿದೀನಿ. ಕೊಟ್ಟುಬಿಡಮ್ಮ."

ಅವಳು ಕೊನೆಯ ಸಲ ಮೂಸಿ, ಮಡಿಸಿ, ಕೊಟ್ಟಳು.